ಗಾಳಿಗೆ ಡೀಸೆಲ್ ಮುಗಿದ ದಿನ

ಸೂರ್ಯ ಎಲ್ಲರ ಸೊತ್ತು ಎಂದು ಜನರೇಟರಣ್ಣ ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ಆ ಸೂರ್ಯನನ್ನು ಷಡ್ಡಕ ತನ್ನ ಮನೆಯ ತಾರಸಿಗೆ ಕಟ್ಟಿಹಾಕಿ ಹಾಲು ಕರೆಯಲು ಶುರುಮಾಡಿದ ಮೇಲೆ ಆ ನಂಬಿಕೆ ಅಲ್ಲಾಡಿತು.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಮೊದಲು ಮೊಬೈಲ್ ಕವರ್ ಮಾರಿದ, ಮುಳುಗಿದ. ಆಮೇಲೆ ಮೀನಿನ ತೊಟ್ಟಿ ಮಾರಿದ, ಮೀನುಗಳ ಸಮೇತ ಮುಳುಗಿದ. ಆಗೆಲ್ಲ ಅವನಿಗೆ ಬುದ್ಧಿ ಹೇಳಿ, ತನ್ನ ಕೈಕೆಳಗೆ ವೈರು ಸುತ್ತುವ ಕೆಲಸ ಕೊಟ್ಟು, ಬೆನ್ನು ತಟ್ಟಿದವನು ಜನರೇಟರಣ್ಣನೇ. (ಮುಳುಗಿದವರ ಬೆನ್ನು ತಟ್ಟುವುದರಲ್ಲಿ ಎಂಥ ಸುಖವಿದೆ ಎಂಬುದು ತಟ್ಟಿದವರಿಗೇ ಗೊತ್ತು.) ಅಂಥವನು ಈಗ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ ಅಂತ ಕಂಪನಿ ತೆರೆದು, ಸಿಕ್ಕಸಿಕ್ಕಲ್ಲಿ 'ಹಸಿರು ಉದ್ಯಮ', 'ನವೀಕರಿಸಬಹುದಾದ ಇಂಧನ' ಎಂದು ಭಾಷಣ ಬಿಗಿಯುತ್ತಿದ್ದ. ನವೀಕರಿಸಬಹುದಾದ ಇಂಧನ ಎಂದರೇನೆಂದು ಜನರೇಟರಣ್ಣನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವನ ಹೊಟ್ಟೆಯಲ್ಲಿ ಅದು ಪ್ರತಿದಿನ ಬೆಳಿಗ್ಗೆ ತಾನಾಗಿಯೇ ನವೀಕರಣಗೊಳ್ಳುತ್ತಿತ್ತು.

ಹೆಸರೇ ಹೇಳುವಂತೆ ಅವನದು ಡೀಸೆಲ್ ಜನರೇಟರುಗಳನ್ನು ಬಾಡಿಗೆಗೆ ಕೊಡುವ ವ್ಯವಹಾರ. ಮದುವೆ, ಸಭೆ, ನಾಟಕ, ಎಲ್ಲಿ ಜನ ಸೇರಿದರೂ ಹಿಂದಿನ ಅಂಗಳದಲ್ಲಿ ಅವನ ಯಂತ್ರ ಇದ್ದೇ ಇರುತ್ತಿತ್ತು. ಕರೆಂಟು ಹೋದ ಕೂಡಲೇ ಸಭಾಂಗಣವೆಲ್ಲ ಒಂದೇ ಬಾಯಲ್ಲಿ "ಅಯ್ಯೋ" ಎನ್ನುವುದು, ಕತ್ತಲಲ್ಲಿ ಅವನು ಹಗ್ಗ ಎಳೆಯುವುದು, ಯಂತ್ರ ಕೆಮ್ಮಿ ಕ್ಯಾಕರಿಸಿ ಗುಡುಗುವುದು, ದೀಪ ಬರುವುದು, ಅದೇ ಬಾಯಿ "ಆಹಾ" ಎನ್ನುವುದು! ಆ "ಅಯ್ಯೋ" ಮತ್ತು "ಆಹಾ"ಗಳ ನಡುವಿನ ಕತ್ತಲಿನಲ್ಲಿ ಅವನು ಸಾಕ್ಷಾತ್ ಚಕ್ರವರ್ತಿ. ಷಡ್ಡಕನ ಬ್ಯಾಟರಿ ಬಂದ ಮೇಲೆ ಕರೆಂಟು ಹೋದದ್ದೇ ಯಾರಿಗೂ ತಿಳಿಯುತ್ತಿರಲಿಲ್ಲ. "ಅಯ್ಯೋ" ಇಲ್ಲದ ಮೇಲೆ "ಆಹಾ" ಎಲ್ಲಿಂದ ಬರಬೇಕು?

ಒಂದು ದಿನ ಊರಿನ ದೊಡ್ಡ ಸಭಾಂಗಣದ ಮ್ಯಾನೇಜರು ಫೋನು ಮಾಡಿದ. ಎಂದಿನಂತೆ ಫೋನೆತ್ತಿದ್ದು ಹೆಂಡತಿ.

"ರೀ, ಇನ್ನು ಮುಂದೆ ಅವ್ರಿಗೆ ಜನರೇಟರು ಬೇಡ್ವಂತೆ. ಬ್ಯಾಟರಿ ಹಾಕ್ಸಿದಾರಂತೆ."

"ಯಾರ ಹತ್ರ?"

ಹೆಂಡತಿ ಕಿಟಕಿಯ ಕಡೆ ನೋಡಿದಳು. ಅಷ್ಟರಲ್ಲೇ ಅವನಿಗೆ ಉತ್ತರ ಸಿಕ್ಕಿತು.

"ನನ್ನ ಕೈಕೆಳಗೆ ವೈರು ಸುತ್ತಿದವನು ನನ್ನ ಕುತ್ತಿಗೆಗೇ ಸುತ್ತಿದನಲ್ಲೇ!"

"ಅವ್ರೇನು ಬೇಕು ಅಂತ ಮಾಡಿದಾರಾ? ಕಾಲ ಬದಲಾಗಿದೆ. ಹಸಿರು ಬೇಕಂತೆ ಜನಕ್ಕೆ."

"ನನ್ನ ಜನರೇಟರಿಗೂ ಹಸಿರು ಬಣ್ಣಾನೇ ಹೊಡೆಸಿದೀನಿ!"

"ಬಿಡೋ ಹೊಗೆ ಮಾತ್ರ ಕಪ್ಪು," ಎಂದಳು ಹೆಂಡತಿ. "ಅದು ಹೋಗ್ಲಿ, ನಿಮ್ಮ ಹೊಟ್ಟೆ ಉರಿಗೆ ಒಂದು ವೈರು ಕೊಟ್ರೆ ಸಾಕು, ಇಡೀ ಬೀದಿಗೆ ದೀಪ ಉರಿಯುತ್ತೆ. ಅದಕ್ಕಿಂತ ಹಸಿರು ಯಾವುದಿದೆ?"

ಈ ಮಾತನ್ನು ಅವಳು ಮರುದಿನ ಷಡ್ಡಕನ ಎದುರೇ ಹೇಳಿದಳು. ಷಡ್ಡಕ ಬಿದ್ದು ಬಿದ್ದು ನಕ್ಕ. ಅವನು ಪ್ರತಿಯಾಗಿ ಏನೋ ಹೇಳಿದ, ಅವಳೂ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ಅವಳು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಯಿತು ಎಂದು ಜನರೇಟರಣ್ಣ ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟ. ಸಭಾಂಗಣ ಕೈತಪ್ಪಿದ್ದಕ್ಕಿಂತ ಆ ನಗು ಅವನನ್ನು ಹೆಚ್ಚು ಚುಚ್ಚಿತು. ಏನಾದರೂ ಮಾಡಲೇಬೇಕು. ಅದೂ ಹಸಿರಾಗಿಯೇ ಮಾಡಬೇಕು.

"ಅವನು ಸೂರ್ಯನ್ನ ಹಿಡಿದ್ರೆ, ನಾನು ಗಾಳಿ ಹಿಡೀತೀನಿ," ಎಂದು ಘೋಷಿಸಿದ.

"ನಿಮಗೆ ಗಾಳಿ ಹಿಡಿದು ಬಹಳ ದಿನ ಆಯ್ತು," ಎಂದು ಹೆಂಡತಿ ಬಟ್ಟೆ ಒಣಗಿಸಲು ಮೇಲೆ ಹೋದಳು.

ಆದರೆ ಅವನು ತಮಾಷೆ ಮಾಡುತ್ತಿರಲಿಲ್ಲ. ಹಳೇ ಸಾಮಾನಿನ ವ್ಯಾಪಾರಿಯ ಹತ್ತಿರ ಯಾವುದೋ ಹೋಟೆಲಿನ ತಾರಸಿಯಿಂದ ಇಳಿಸಿದ ಪುಟ್ಟ ಗಾಳಿಯಂತ್ರವೊಂದು ಬಿದ್ದಿತ್ತು. ಮೂರು ರೆಕ್ಕೆ, ಒಂದು ಬಾಲ, ಮೈತುಂಬ ತುಕ್ಕು. ಜನರೇಟರಣ್ಣ ತನ್ನ ಯಂತ್ರಗಳಲ್ಲೇ ಚಿಕ್ಕದೂ ಚೊಕ್ಕದೂ ಆದ ಒಂದನ್ನು ಅದರ ಬದಲಿಗೆ ಕೊಟ್ಟು ಬಂದ. ವಿಷಯ ತಿಳಿದಾಗ ಹೆಂಡತಿ ಬಯ್ಯಲಿಲ್ಲ. ಸುಮ್ಮನೆ ಹೋಗಿ, ಆ ಯಂತ್ರಕ್ಕೆ ಹೊದಿಸುತ್ತಿದ್ದ ಟಾರ್ಪಾಲನ್ನು ಮಡಿಸಿಟ್ಟಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ಪವನಯಂತ್ರವು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಸ್ಥಾಪನೆಗೊಂಡಿತು. ಅದರಿಂದ ಇಳಿದ ವೈರಿಗೆ ಒಂದು ಬಲ್ಬು. ಬಣ್ಣ ಬಳಿದ, ಎಣ್ಣೆ ಬಿಟ್ಟ, ಕೈಯಿಂದ ತಿರುಗಿಸಿ ನೋಡಿದ. ಬಲ್ಬು ಮಿಣುಕಿತು. ಇನ್ನೇನು, ಗಾಳಿ ಬೀಸುವುದೊಂದು ಬಾಕಿ.

ಗಾಳಿ ಬೀಸಲಿಲ್ಲ. ಅಕ್ಕಪಕ್ಕದ ಮನೆಗಳೆಲ್ಲ ಮಹಡಿ ಮೇಲೆ ಮಹಡಿ ಏರಿಸಿಕೊಂಡು ನಿಂತಿದ್ದರಿಂದ ಅವನ ತಾರಸಿ ಒಂದು ಬಾವಿಯಂತಾಗಿತ್ತು. ಅಲ್ಲಿಗೆ ನೊಣ ಕೂಡ ದಾರಿ ಕೇಳಿಕೊಂಡು ಬರಬೇಕು. ದಿನಗಟ್ಟಲೆ ಕುತ್ತಿಗೆ ಎತ್ತಿ ಕಾದ. ರೆಕ್ಕೆಯ ಮೇಲೆ ಕಾಗೆ ಬಂದು ಕೂತಿತು, ಅದರ ಭಾರಕ್ಕೆ ರೆಕ್ಕೆ ಕಾಲು ಸುತ್ತು ತಿರುಗಿತು. ಆಗಿದ್ದು ಅಷ್ಟೇ.

ಕೆಟ್ಟದ್ದೇನೆಂದರೆ, ಅಷ್ಟು ಹೊತ್ತಿಗೆ ಅವನು ಷಡ್ಡಕ-ನಾದಿನಿಯರನ್ನು ಭಾನುವಾರದ ಲೋಕಾರ್ಪಣೆಗೆ ಕರೆದುಬಿಟ್ಟಿದ್ದ. "ನಿನ್ನ ಸೂರ್ಯ ಸಂಜೆಯಾದ್ರೆ ಮನೆಗೆ ಹೋಗ್ತಾನೆ. ನನ್ನ ಗಾಳಿ ಹಾಗಲ್ಲಪ್ಪ," ಎಂದು ಫೋನಿನಲ್ಲಿ ಬೀಗಿಯೂ ಆಗಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯಲ್ಲಿರುವಾಗ ಜನರೇಟರಣ್ಣ ಕಾರ್ಯಾಚರಣೆಗೆ ಇಳಿದ. ಸಭೆಗಳಿಗೆ ಕೊಡುವ ಆಳೆತ್ತರದ ಫ್ಯಾನೊಂದನ್ನು ಮೇಲೆ ಹೊತ್ತು ತಂದು, ಟ್ಯಾಂಕಿನ ಹಿಂದೆ ಬಚ್ಚಿಟ್ಟು, ಮುಖವನ್ನು ಪವನಯಂತ್ರದ ಕಡೆ ತಿರುಗಿಸಿದ. ಫ್ಯಾನಿಗೆ ಮನೆಯ ಕರೆಂಟನ್ನು ಕೊಡಬಹುದಿತ್ತು. ಆದರೆ ಅದು ನಡುವೆ ಹೋದರೆ? ಕರೆಂಟನ್ನು ನಂಬದಿರುವುದೇ ಅವನ ಕಸುಬು. ಹಾಗಾಗಿ ಹಿತ್ತಲಿನ ಓಣಿಯಲ್ಲಿ ಜನರೇಟರು ಇಟ್ಟು, ಗೋಣಿಚೀಲ ಹೊದಿಸಿ, ವೈರನ್ನು ಪೈಪಿನ ಹಿಂದಿನಿಂದ ಮೇಲಕ್ಕೆ ಎಳೆದ. ಡೀಸೆಲ್ಲಿನಿಂದ ಕರೆಂಟು, ಕರೆಂಟಿನಿಂದ ಗಾಳಿ, ಗಾಳಿಯಿಂದ ಮತ್ತೆ ಕರೆಂಟು. ಒಂದು ಬಲ್ಬು ಉರಿಸಲು ಇಷ್ಟೊಂದು ದುಡಿದ ಮನುಷ್ಯ ಜಗತ್ತಿನಲ್ಲಿ ಇನ್ನೊಬ್ಬನಿರಲಾರ.

ಅತಿಥಿಗಳು ತಾರಸಿಗೆ ಬಂದರು. ಪವನಯಂತ್ರ ಗಿರಗಿರನೆ ತಿರುಗುತ್ತಿತ್ತು, ಬಲ್ಬು ಹಗಲಿನಲ್ಲೂ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಷಡ್ಡಕ ಬಾಯಿ ತೆರೆದು ನಿಂತ.

"ಭಲೇ ಅಣ್ಣಾ! ಒಬ್ರೇ ಮಾಡಿದ್ರಾ?"

"ಮತ್ತೆ?" ಎಂದ ಜನರೇಟರಣ್ಣ. ಜೀವನದಲ್ಲಿ ಇಷ್ಟು ಚಿಕ್ಕ ಪದದಿಂದ ಇಷ್ಟು ದೊಡ್ಡ ಸಂತೋಷ ಅವನಿಗೆಂದೂ ಸಿಕ್ಕಿರಲಿಲ್ಲ.

"ಅದೇನು ಗುಡುಗುಡು ಶಬ್ದ, ಭಾವ?" ನಾದಿನಿ ಕೇಳಿದಳು.

"ಅದಾ... ಹಿಂದಿನ ಬೀದಿಯಲ್ಲಿ ಯಾರೋ ಹಿಟ್ಟಿನ ಗಿರಣಿ ಇಟ್ಟಿದಾರಮ್ಮ."

"ಭಾನುವಾರಾನೂ ಬೀಸ್ತಾರಾ?"

"ಬಡಪಾಯಿಗಳು. ಹೊಟ್ಟೆಪಾಡು."

ನಾದಿನಿ ತಲೆಯಾಡಿಸಿ ತಾರಸಿಯನ್ನೆಲ್ಲ ಒಮ್ಮೆ ನೋಡಿದಳು. ಹಗ್ಗದ ಮೇಲೆ ಸೀರೆ, ಶರ್ಟು, ಟವೆಲ್ಲು ಒಣಗುತ್ತಿದ್ದವು. ಒಂದು ಕರವಸ್ತ್ರದ ತುದಿ ಕೂಡ ಅಲ್ಲಾಡುತ್ತಿರಲಿಲ್ಲ.

"ಅಲ್ಲ ಭಾವ, ಬಟ್ಟೆಗಳೆಲ್ಲ ಮಿಸುಕ್ತಾನೇ ಇಲ್ಲ. ಇದೊಂದು ಮಾತ್ರ ಹೀಗೆ ತಿರುಗ್ತಿದೆಯಲ್ಲಾ?"

"ಅದು... ಮೇಲ್‌ಮಟ್ಟದ ಗಾಳಿ," ಎಂದ ಜನರೇಟರಣ್ಣ. "ಬಟ್ಟೆ ಇರೋದು ಕೆಳಮಟ್ಟದಲ್ಲಿ."

ಬಟ್ಟೆಯ ಹಗ್ಗ ಪವನಯಂತ್ರಕ್ಕಿಂತ ಒಂದು ಗೇಣು ಮೇಲಿತ್ತು. ಷಡ್ಡಕ ಹಗ್ಗವನ್ನು ನೋಡಿದ, ಯಂತ್ರವನ್ನು ನೋಡಿದ, ಟ್ಯಾಂಕಿನ ಹಿಂದಿನಿಂದ ಇಣುಕುತ್ತಿದ್ದ ವೈರನ್ನು ನೋಡಿದ. "ಹೌದು ಹೌದು, ಗಾಳಿ ಪದರ ಪದರವಾಗಿ ಬೀಸುತ್ತೆ," ಎಂದು ತನ್ನ ಹೆಂಡತಿಗೆ ಹೇಳಿದ. ಅಷ್ಟೂ ಗೊತ್ತಾಗಿಯೂ ಅವನು ಮಾನ ಕಾಯುತ್ತಿದ್ದಾನೆ! ಜನರೇಟರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಆ ಪುಣ್ಯಾತ್ಮನಿಗೆ ದುಡ್ಡು, ಹೆಸರು ಬಂದದ್ದು ಸಾಲದು ಎಂದು ದೊಡ್ಡ ಮನಸ್ಸೂ ಬರಬೇಕೇ?

ಅದೇ ಹೊತ್ತಿಗೆ ಹಿತ್ತಲಿನಲ್ಲಿ ಹಿಟ್ಟಿನ ಗಿರಣಿ ಒಮ್ಮೆ ಕೆಮ್ಮಿತು. ಎರಡನೇ ಸಲ ಬಿಕ್ಕಿತು. ಆಮೇಲೆ ಸುಮ್ಮನಾಯಿತು. ರೆಕ್ಕೆಗಳು ನಿಧಾನವಾಗಿ, ಬಹಳ ನಿಧಾನವಾಗಿ ನಿಂತವು. ಬಲ್ಬು ಕೆಂಪಾಯಿತು, ನಾಚಿತು, ಆರಿತು.

ಕೈಯಲ್ಲಿ ಟೀ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದ ಹೆಂಡತಿ ಎಲ್ಲರ ಮುಖ ನೋಡಿ, ಟ್ಯಾಂಕಿನ ಹಿಂದೆ ಬಗ್ಗಿ ನೋಡಿ, ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು.

"ರೀ, ಗಾಳಿಗೆ ಡೀಸೆಲ್ ಮುಗೀತು ಅನ್ಸುತ್ತೆ. ಹಾಕ್ಕೊಂಡು ಬರ್ತೀರಾ?"

ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಷಡ್ಡಕ ಮಾತ್ರ ನಗಲಿಲ್ಲ. ಟೀ ಕೈಗೆತ್ತಿಕೊಂಡು ಗಂಟಲು ಸರಿಮಾಡಿಕೊಂಡ.

"ಅಣ್ಣಾ, ನಾನು ಬಂದಿದ್ದು ಇನ್ನೊಂದು ವಿಷ್ಯಕ್ಕೆ. ದೊಡ್ಡ ಆಸ್ಪತ್ರೆ ಕೆಲಸ ಸಿಕ್ಕಿದೆ. ನನ್ನ ಹುಡುಗ್ರಿಗೆ ಪ್ಯಾನೆಲ್ ಹಾಕೋಕೆ ಬರುತ್ತೆ. ಆದ್ರೆ ಯಾವ ಮಷಿನ್ನು ಎಷ್ಟು ಕರೆಂಟು ಎಳೆಯುತ್ತೆ, ಯಾವುದರ ಜೊತೆ ಯಾವುದು ಓಡುತ್ತೆ, ಆ ಅಂದಾಜು ಒಬ್ರಿಗೂ ಇಲ್ಲ. ಅನುಭವ ಇರೋರು ಬೇಕು. ಅಂಥೋರು ಈ ಮನೇಲೇ ಇದಾರೆ. ಕೇಳೋಕೆ ಇಷ್ಟು ದಿನ ನನಗೇ ಮುಜುಗರ ಆಗ್ತಿತ್ತು."

ಜನರೇಟರಣ್ಣ ಎದೆ ಉಬ್ಬಿಸಿದ. ಒಂದೇ ಮಾತಿಗೆ ಒಪ್ಪಿಕೊಳ್ಳುವುದು ಮರ್ಯಾದೆಯಲ್ಲ ಎಂದು ಆಕಾಶ ನೋಡಿದ.

"ನೋಡಪ್ಪ, ನನಗೆ ಪುರುಸೊತ್ತಿಲ್ಲ. ಆದ್ರೂ ನೀನು ಇಷ್ಟು ಕೇಳ್ಕೊಂಡ ಮೇಲೆ..."

"ಅಲ್ಲ ಅಣ್ಣಾ," ಷಡ್ಡಕ ಟೀ ಲೋಟವನ್ನೇ ನೋಡುತ್ತ ಹೇಳಿದ, "ನಾನು ಅಕ್ಕನ್ನ ಕೇಳೋಣ ಅಂತ ಬಂದೆ."

ಕೆಳಗಿನ ಬೀದಿಯಲ್ಲಿ ಯಾರದೋ ಸೈಕಲ್ಲಿನ ಬೆಲ್ಲು ಕೇಳಿಸಿತು.

ನಿಜ. ಫೋನೆತ್ತುತ್ತಿದ್ದವಳು ಅವಳು. "ಎಷ್ಟು ಜನ ಸೇರ್ತಾರೆ? ಗ್ರೈಂಡರ್ ಇದೆಯಾ? ಫ್ರಿಜ್ಜು, ಮೈಕು ಎಲ್ಲಾ ಒಟ್ಟಿಗೇ ಹಾಕ್ತೀರಾ? ಹಾಗಾದ್ರೆ ಚಿಕ್ಕದು ಸಾಲಲ್ಲ, ನಡುವಿಂದು ಕಳಿಸ್ತೀನಿ," ಎಂದು ಯಾವ ಯಂತ್ರ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದವಳೂ ಅವಳೇ. ಇಷ್ಟು ವರ್ಷದಲ್ಲಿ ಅವಳು ಕಳಿಸಿದ ಯಂತ್ರ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಚಕ್ರವರ್ತಿಗಳು ಹಗ್ಗ ಎಳೆಯುತ್ತಿದ್ದರು, ಅಷ್ಟೇ. ವೈರು ಸುತ್ತುತ್ತ ಕೂತಿದ್ದ ಷಡ್ಡಕ ಅದನ್ನೆಲ್ಲ ಕಣ್ಣಾರೆ ಕಂಡಿದ್ದ. ಜೊತೆಯಲ್ಲೇ ಬಾಳಿದ ಗಂಡ ಕಂಡಿರಲಿಲ್ಲ.

ಹೆಂಡತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಕೂತಳು. ಆಮೇಲೆ ಕೇಳಿದಳು: "ಆಸ್ಪತ್ರೆ ಲಿಫ್ಟು ಎಷ್ಟು ಜನರದ್ದು? ಎಕ್ಸ್‌ರೇ ಮಷಿನ್ನು ಅದೇ ಲೈನಿನಲ್ಲಿದೆಯಾ?"

ಅವಳ ಮುಖದ ಮೇಲೆ ಆಗ ಬಂದ ಬೆಳಕು ಯಾವ ಬಲ್ಬಿನದೂ ಅಲ್ಲ. ಅದನ್ನು ನೋಡಿ ಜನರೇಟರಣ್ಣನ ಅಸೂಯೆ ಷಡ್ಡಕನನ್ನು ಬಿಟ್ಟು, ತಾರಸಿಯಲ್ಲಿ ನಾಲ್ಕು ಹೆಜ್ಜೆ ದಾಟಿ, ಸ್ವಂತ ಹೆಂಡತಿಯ ಹತ್ತಿರ ಹೋಗಿ ಕೂತಿತು.

"ನಿಮಗೇನೂ ಬೇಜಾರಿಲ್ಲ ತಾನೇ?" ಅವಳು ಕೇಳಿದಳು.

"ನನಗ್ಯಾಕೆ ಬೇಜಾರು? ನನಗೆ ಖುಷಿ," ಎಂದ, ಹಲ್ಲು ಕೀಳಿಸಿಕೊಳ್ಳುವವನ ದನಿಯಲ್ಲಿ.

ಅವಳು ಕೆಲಸಕ್ಕೆ ಸೇರಿದಳು. ಬೀದಿಯವರು ಅವನನ್ನು ಕಂಡರೆ "ಅಕ್ಕಾವ್ರು ಇದಾರಾ?" ಎಂದು ಕೇಳಲು ಶುರುಮಾಡಿದರು. ಊಟದ ಹೊತ್ತಿಗೆ ಅವಳು ಕಣ್ಣರಳಿಸಿ "ರೀ, ಇವತ್ತು ಕರೆಂಟು ಹೋದಾಗ್ಲೂ ಲಿಫ್ಟು ನಿಲ್ಲದೆ ಹೋಯ್ತು!" ಎಂದರೆ, ಅವನು "ಮೆಟ್ಟಿಲು ಹತ್ತಿದ್ರೆ ಆರೋಗ್ಯಕ್ಕೆ ಒಳ್ಳೇದು," ಎನ್ನುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಷಡ್ಡಕ ಬಂದು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಮೀನು ಮುಳುಗಿದ ಕಾಲದ ಮುಖ.

"ಅಣ್ಣಾ, ನಿಮಗೆ ಗೊತ್ತಾಯ್ತಾ? ಅಕ್ಕ-ತಂಗಿ ಇಬ್ರೂ ಸೇರಿ ಬೇರೆ ಕಂಪನಿ ಮಾಡಿದಾರಂತೆ. ಶಾಲೆಗೆ ಪ್ಯಾನೆಲ್ ಹಾಕೋ ಕೆಲಸಕ್ಕೆ ನಾನೂ ಕೇಳಿದ್ದೆ. ಅವ್ರಿಗೇ ಸಿಕ್ತು."

"ಛೆ ಛೆ ಛೆ!" ಎಂದ ಜನರೇಟರಣ್ಣ. ಒಳಗೆ ಹೋಗಿ ಕೈಯಾರೆ ಟೀ ಮಾಡಿದ, ಸಕ್ಕರೆ ಜಾಸ್ತಿಯೇ ಹಾಕಿದ. ತನ್ನ ಕುರ್ಚಿಯಲ್ಲಿ ಅವನನ್ನು ಕೂರಿಸಿದ. ಬೆನ್ನು ತಟ್ಟಿದ. ಎಷ್ಟು ಕಾಲದ ಮೇಲೆ ಆ ಬೆನ್ನು ಕೈಗೆ ಸಿಕ್ಕಿತ್ತು! ಜೀವಮಾನದಲ್ಲಿ ಮೊದಲ ಬಾರಿ ಅವನನ್ನು "ತಮ್ಮಾ" ಎಂದು ಕರೆದ. ಇಬ್ಬರೂ ಸಂಜೆಯವರೆಗೆ ಕೂತು ಹೆಂಗಸರ ಏಳಿಗೆಯ ಬಗ್ಗೆ ಮನಸಾರೆ ಕರುಬಿದರು. ಇಂಥ ಆತ್ಮೀಯ ಸಂಜೆ ಅವರ ನಡುವೆ ಹಿಂದೆಂದೂ ಬಂದಿರಲಿಲ್ಲ.

ಆಗ ಗೇಟಿನ ಹತ್ತಿರ ಹೆಂಡತಿಯ ದನಿ: "ಇಬ್ರೂ ಇಲ್ಲೇ ಇದೀರಾ? ಒಳ್ಳೇದಾಯ್ತು. ನಾಳೆ ಶಾಲೆ ಮೇಲೆ ಪ್ಯಾನೆಲ್ ಏರಿಸ್ಬೇಕು, ಆಳು ಸಾಲ್ತಿಲ್ಲ. ಖಾಲಿ ಇದೀರಲ್ಲ, ಬನ್ನಿ."

ಮರುದಿನ ಶಾಲೆಯ ಗೋಡೆಗೆ ಎರಡು ಏಣಿಗಳು ಒರಗಿದವು. ಒಂದನ್ನು ಹೆಂಡತಿ ಹತ್ತಿದಳು, ಕೆಳಗೆ ಹಿಡಿದವನು ಜನರೇಟರಣ್ಣ. ಇನ್ನೊಂದನ್ನು ನಾದಿನಿ ಹತ್ತಿದಳು, ಹಿಡಿದವನು ಷಡ್ಡಕ.

"ಈ ಕೆಲಸಕ್ಕೆ ಬೇರೆ ಆಳು ಸಿಗ್ಲಿಲ್ವೇನೇ?" ಎಂದು ಜನರೇಟರಣ್ಣ ಗೊಣಗಿದ.

"ಸಿಗ್ತಿದ್ರು," ಅವಳು ಮೇಲಿನಿಂದಲೇ ಹೇಳಿದಳು. "ಕಾಲು ಜಾರಿದ್ರೆ ಬೀಳೋದು ನಾನಲ್ವಾ? ಏಣೀನ ಯಾರ್ ಯಾರದ್ದೋ ಕೈಗೆ ಕೊಡೋಕಾಗುತ್ತಾ?"

ಜನರೇಟರಣ್ಣ ಕಾಲು ಅಗಲಿಸಿ ನಿಂತು ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಎಷ್ಟೋ ತಿಂಗಳಿಂದ ಉರಿಯುತ್ತಿದ್ದ ಹೊಟ್ಟೆ ಒಮ್ಮೆಗೇ ತಣ್ಣಗಾಯಿತು. ಆ ತಂಪಿನಲ್ಲಿ, ನೋಡು ನನ್ನ ಯೋಗ್ಯತೆ ಎಂಬಂತೆ ಹೆಮ್ಮೆಯಿಂದ ಷಡ್ಡಕನ ಕಡೆ ತಿರುಗಿದ.

ಷಡ್ಡಕನ ಕೈಯಲ್ಲಿದ್ದ ಏಣಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೊಚ್ಚಹೊಸ ಅಲ್ಯೂಮಿನಿಯಂ. ತನ್ನದು ಬಿದಿರು.

"ಏನೇ," ಜನರೇಟರಣ್ಣ ಮೇಲೆ ನೋಡಿ ಕೂಗಿದ, "ಅವನಿಗ್ಯಾಕೆ ಆ ಏಣಿ?"