ಮೂರು ತಾಲ್ಲೂಕಿನ ಹಾಕಿ ತಂಡ

ಎಲ್ಲರನ್ನೂ ಮೆಚ್ಚಿಸಬೇಕೆಂಬ ಚಪಲ ನನಗೆ ಮೊದಲಿನಿಂದಲೂ ಇದೆ. ಇಂಥವನ ಕೈಗೆ ತಿಪಟೂರಿನ ನಮ್ಮ ಕಾಲೇಜಿನವರು ಹಾಕಿ ತಂಡ ಆರಿಸುವ ಕೆಲಸ ಕೊಟ್ಟರು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಚರಿತ್ರೆ ಪಾಠ ಹೇಳುವವನು. ಆಟವೆಂದರೆ ನೆರಳಲ್ಲಿ ಕುರ್ಚಿ ಹಾಕಿಕೊಂಡು ನೋಡುವುದೆಂದೇ ತಿಳಿದಿದ್ದೆ. ಆಗಲೇ ಸ್ಟಾಫ್ ರೂಮಿನ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಅಮೆರಿಕದ ಕಾಲೇಜು ಹುಡುಗರು ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಚಿತ್ರ ನೋಡಿ ಬೆರಗಾದೆ. ಐಸ್‌ಕ್ಯಾಂಡಿ ಡಬ್ಬದ ಆಚೆಗೆ ನಾನು ಮಂಜುಗಡ್ಡೆ ಕಂಡವನಲ್ಲ. ಅದಕ್ಕಿಂತ ದೊಡ್ಡ ಬೆರಗೆಂದರೆ, ಅವರ ಚಾಂಪಿಯನ್‌ಷಿಪ್ಪಿನಲ್ಲಿ ಪೂರ್ವಕ್ಕಿಷ್ಟು, ಪಶ್ಚಿಮಕ್ಕಿಷ್ಟು ಎಂದು ಒಂದೊಂದು ಸೀಮೆಗೂ ಜಾಗ ಇಟ್ಟಿದ್ದರಂತೆ. ಎಂಥ ನ್ಯಾಯವಂತರು ಎಂದು ಕೂತಲ್ಲೇ ಕೈ ಮುಗಿದೆ.

ನಾನೂ ನಮ್ಮ ಕಾಲೇಜಿಗೆ ಹುಡುಗರು ಬರುವ ಮೂರು ತಾಲ್ಲೂಕು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ಸಮಪಾಲು ಎಂದು ಸಾರಿಬಿಟ್ಟೆ. ಹನ್ನೊಂದು ಜನರನ್ನು ಮೂರು ತಾಲ್ಲೂಕಿಗೆ ಹಂಚುವ ಕಷ್ಟ ಆ ಪತ್ರಿಕೆಯಲ್ಲಿ ಬರೆದಿರಲಿಲ್ಲ. ತಿಪಟೂರಿಗೆ ಒಬ್ಬ ಕಡಿಮೆಯಾದ. ಮಗನಿಗೆ ಜಾಗ ತಪ್ಪಿದ ಬಿಳಿಗೆರೆಯ ಶಿವಣ್ಣನವರು ಮನೆಗೇ ಬಂದರು. "ಕಾಲೇಜು, ಮೈದಾನ ಎಲ್ಲಾ ಇರೋದು ನಮ್ಮ ತಾಲ್ಲೂಕಲ್ಲಿ, ಆಡೋರು ಅವ್ರಾ ಮೇಷ್ಟ್ರೇ? ನಾನೂ ಮ್ಯಾಚ್ ನೋಡಾಕೆ ಬತ್ತೀನಿ. ಸೋತ್ರೆ ಯಾವ ತಾಲ್ಲೂಕ್ನೋರಿಂದ ಸೋತ್ರಿ ಅಂತ ಅಲ್ಲೇ ಕೇಳ್ತೀನಿ ಕಣ್ರೀ" ಎಂದು ಶಾಂತವಾಗಿ ಹೇಳಿ, ಕಾಫಿ ಕುಡಿದು ಹೋದರು. ನನ್ನ ನಿದ್ದೆ ಹಾರಿಹೋಯಿತು. ಸೋಲು ಯಾವ ತಾಲ್ಲೂಕಿನ ತಲೆಗೆ ಅಂಟಿದರೂ ಉಳಿದೆರಡು ಅದನ್ನು ಸುಮ್ಮನೆ ಬಿಡುವುದಿಲ್ಲ. ಮೂರೂ ಸೇರಿ ನನ್ನನ್ನಂತೂ ಬಿಡುವುದಿಲ್ಲ.

ತುಮಕೂರಿನ ಪಂದ್ಯದಲ್ಲಿ ನಮ್ಮ ಹುಡುಗರ ಆಟ ಕಂಡು ನನಗೇ ನಂಬಿಕೆಯಾಗಲಿಲ್ಲ. ಕೊನೆಯ ಗಳಿಗೆಯವರೆಗೂ ಸಮ ಸಮ. ಅಷ್ಟರಲ್ಲಿ ಎದುರಾಳಿಯೊಬ್ಬ ಚಟ್ ಎಂದು ಹೊಡೆದ ಚೆಂಡು ಆಕಾಶಕ್ಕೇರಿ ನಮ್ಮ ಗೋಲಿನ ಮುಂದೆ ಇಳಿಯತೊಡಗಿತು. "ಲೇ, ಬೀಳ್ತದೆ, ಈಚೆ ಬಾರ್ಲಾ" ಎಂದು ತುರುವೇಕೆರೆಯವನೊಬ್ಬ ಕೂಗಿದ. ಮೂರೂ ತಾಲ್ಲೂಕಿನವರು ಸ್ಟಿಕ್ ಬಿಸಾಕಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಪಕ್ಕಕ್ಕೆ ಸರಿದರು. ಗೋಲ್‌ಕೀಪರನೂ ಸರಿದ. ತೆಂಗಿನ ತೋಟದಲ್ಲಿ ಬೆಳೆದ ಮಕ್ಕಳು. ಮೇಲಿನಿಂದ ಏನೇ ಬಂದರೂ ಮೊದಲು ಸರಿದು ಆಮೇಲೆ ನೋಡುವುದನ್ನು ನಡೆಯಲು ಕಲಿಯುವಾಗಲೇ ಕಲಿತವರು. ಚೆಂಡು ಬಿತ್ತು. ಎದುರಾಳಿ ಹುಡುಗ ಅದನ್ನು ಮೆಲ್ಲಗೆ ಗೋಲಿನೊಳಕ್ಕೆ ತಳ್ಳಿದ.

ಸೋತೆವು. ಆದರೂ ನಾನು ಬೆರಗಿನಿಂದ ನಿಂತೇ ಇದ್ದೆ. ಇಷ್ಟು ಸಮಪಾಲು ಆ ಅಮೆರಿಕದವರಿಂದಲೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಶಿವಣ್ಣನವರ ದನಿ ಕೇಳಿಸಿತು: "ಇನ್ ಯಾವ ತಾಲ್ಲೂಕು ಅಂತ ಕೇಳಾದು, ಬುಡಿ ಮೇಷ್ಟ್ರೇ." ತಿರುಗಿ ನೋಡಿದರೆ ಅವರೂ ಹುಡುಗರಂತೆಯೇ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು. ಗದ್ದೆಸೀಮೆಯಿಂದ ಬಂದ ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿಯೋಣವೆಂದರೆ, ನನ್ನ ಎರಡೂ ಕೈ ಆಗಲೇ ನನ್ನ ತಲೆಯ ಮೇಲಿದ್ದವು.