ದ್ಯಾಮಪ್ಪನ ಗಟ್ಟಿ ನೆಲ

ರಜೆಯ ಮೇಲೆ ಊರಿಗೆ ಹೊರಟಿದ್ದ ಸಾಹೇಬರು ಬೆಳಿಗ್ಗೆ ಒಂದು ಮಾತು ಕೇಳಿದರು. ದಾಂಡೇಲಿಯ ಕಟ್ಟಿಗೆ ಡಿಪೋದ ಕಾರಕೂನ ದ್ಯಾಮಪ್ಪನ ಫಜೀತಿಗೆ ಅಷ್ಟೇ ಸಾಕಾಯಿತು.

“ದ್ಯಾಮಪ್ಪನವರ, ನಾ ಬರೂತನಕ ಮೀನಿನ ಗಾಜಿನ ತೊಟ್ಟಿ ನಿಮ್ಮ ಮನ್ಯಾಗ ಇಡಬೇಕಂತೇನಿ. ನಿಮ್ಮ ಮಾಳಗಿ ತಡೀದಿದ್ರ ಹೇಳಿಬಿಡ್ರಿ, ಡಾಕ್ಟರಿಗೆ ಕೊಡ್ತೇನಿ.”

“ತಡೀತೈತ್ರಿ ಸಾಹೇಬ್ರ.”

ತಡೆಯುವುದಿಲ್ಲವೆಂದು ದ್ಯಾಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಬಾಡಿಗೆ ಮಾಳಿಗೆಯ ಹಲಗೆ ನೆಲ ಬೆಕ್ಕು ನಡೆದರೂ ಕಿರ್ರೆನ್ನುತ್ತಿತ್ತು. ತೊಟ್ಟಿಗೋ ಕಬ್ಬಿಣದ ಚೌಕಟ್ಟು, ಕಲ್ಲಿನ ತಳ. ನೀರು ತುಂಬಿದರೆ ಎಮ್ಮೆ ತಂದು ನಿಲ್ಲಿಸಿದಂತೆಯೇ. ಆದರೆ ಅವನು ಹಳಿಯಾಳಕ್ಕೆ ವರ್ಗ ಕೇಳಿಕೊಂಡಿದ್ದ. ಹೆಂಡತಿ ಕಾಶೆವ್ವ ಕೂಸಿನೊಂದಿಗೆ ಅಲ್ಲಿದ್ದಳು. ಯಾವಾಗಲೋ ಒಮ್ಮೆ ಬರುವ ಅಪ್ಪನನ್ನು ಕಂಡರೆ ಮಗಳು ಯಾರೋ ಹೊಸಬ ಬಂದನೆಂದು ಚೀರಿಕೊಳ್ಳುತ್ತಿದ್ದಳು. ಅದು ಅವನಿಗೆ ಬಹಳ ಸಂಕಟದ ವಿಷಯ. ವರ್ಗ ಸಾಹೇಬರ ಕೈಯಲ್ಲಿರುವಾಗ ಅವರ ಮೀನಿಗೆ ಇಲ್ಲವೆನ್ನುವ ಧೈರ್ಯ ಎಲ್ಲಿಂದ ಬರಬೇಕು?

ಡಿಪೋದಲ್ಲಿ ದಿಮ್ಮಿ ಒಟ್ಟಿಸುವ ಮೇಸ್ತ್ರಿ ಹೀರಪ್ಪನನ್ನು ದ್ಯಾಮಪ್ಪ ಕರೆತಂದ. ಹೀರಪ್ಪ ನೆಲದ ಮೇಲೊಮ್ಮೆ ನಡೆದು, ಗಾಬರಿಯಾಗಿ ಗೋಡೆ ಹಿಡಿದುಕೊಂಡ.

“ಕೆಳಗಿಂದ ಕಂಬ ಕೊಡೂಣು ಕಾರಕೂನ್ರ. ಮ್ಯಾಲೆ ಆನಿ ತಂದು ಕಟ್ರಿ ಬೇಕಾದ್ರ.”

ಕೆಳಗಿನ ಮನೆಯಲ್ಲಿದ್ದವರು ಚಕ್ಕಡಿ ರಿಪೇರಿ ಮಾಡುವ ಮಲಿಕಸಾಬ ಮತ್ತು ಅವನ ಹೆಂಡತಿ ದೌಲತಬಿ. ಒಂದೇ ಕಂಬವೆಂದು ಮಲಿಕಸಾಬ ಒಪ್ಪಿದ. ಆದರೆ ಹೀರಪ್ಪನಿಗೆ ಗೊತ್ತಿದ್ದುದು ದಿಮ್ಮಿಯ ವಿದ್ಯೆ ಮಾತ್ರ. ದಿಮ್ಮಿ ಇತ್ತ ಉರುಳಬಹುದು, ಅತ್ತ ಉರುಳಬಹುದು. ಮೀನಿನ ತೊಟ್ಟಿಯೂ ಉರುಳುತ್ತದೆಂದೇ ಅವನು ನಾಲ್ಕೂ ಕಡೆ ಕಂಬ ಕೊಟ್ಟ. ಅಷ್ಟರಲ್ಲಿ ಮಲಿಕಸಾಬನಿಗೂ ಹುರುಪು ಬಂತು.

“ಇಲ್ಲೊಂದು ಇರ್ಲಿ ಭಾಯಿ. ಅಲ್ಲೂ ಒಂದ ಹೊಡೀರಿ.”

ಮಧ್ಯಾಹ್ನದ ಹೊತ್ತಿಗೆ ದೌಲತಬಿ ಒಲೆಯ ಹತ್ತಿರ ಹೋಗಬೇಕಾದರೆ ಅಡ್ಡಡ್ಡ ತೂರಿಕೊಂಡು ಹೋಗಬೇಕಾಯಿತು.

“ಯಾ ಅಲ್ಲಾ! ಹೊರಗಿನ ಜಂಗಲ್ ಸಾಲದಂತ ಮನ್ಯಾಗೂ ತಂದ್ರೇನು?”

“ಸಂಜಿಗೆ ಮೀನ ಬರ್ತಾವ್ರಿ ಅಕ್ಕಾರ. ಸಾಹೇಬ್ರ ಮೀನ,” ಎಂದು ದ್ಯಾಮಪ್ಪ ಕೈಮುಗಿದ.

“ಬರ್ಲಿ. ಮೊದಲ ಅವನ್ನ ಸಾರಿನ್ಯಾಗ ಹಾಕ್ತೇನಿ!”

ಡಿಪೋದಲ್ಲಿ ಒಂದು ಪದ್ಧತಿಯಿತ್ತು: ಹೊಸ ಅಟ್ಟಣಿಗೆ ಕಟ್ಟಿದರೆ ಆಳುಗಳೆಲ್ಲ ಮೇಲೆ ಹತ್ತಿ ಕುಣಿದು ನೋಡಬೇಕು. ಹೀರಪ್ಪ ಆ ಪದ್ಧತಿ ಬಿಡುವವನಲ್ಲ. ತನ್ನ ಆಳುಗಳನ್ನೆಲ್ಲ ಮಾಳಿಗೆಗೆ ಹತ್ತಿಸಿದ. ಅವರು ಕುಣಿದ ಹಾಗೆ ಹಲಗೆಯ ಸಂದಿಯ ಧೂಳು ದೌಲತಬಿಯ ಸಾರಿನೊಳಗೆ ಸುರಿಯಿತು. ಅವಳು ಸಿಟ್ಟಿನಿಂದ ಸೌಟು ತೆಗೆದುಕೊಂಡು ಕಂಬಕ್ಕೆ ಬಡಿದಳು. ಕೆಳಗಿನವರು ತಾಳ ಹಾಕುತ್ತಿದ್ದಾರೆಂದು ಮೇಲಿನವರು ಇನ್ನೂ ಜೋರಾಗಿ ಕುಣಿದರು. ನೆಲ ಮಾತ್ರ ಕಿರ್ರೆನ್ನಲಿಲ್ಲ. ದ್ಯಾಮಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ತಾನೂ ನಾಲ್ಕು ಹೆಜ್ಜೆ ಕುಣಿದ.

ಸ್ಟೇಶನ್ನಿಗೆ ಹೊರಟಿದ್ದ ಸಾಹೇಬರ ಟಾಂಗಾ ಗದ್ದಲ ಕೇಳಿ ನಿಂತಿತು. ಸಾಹೇಬರು ಮೇಲೆ ಬಂದು ಬೂಟುಗಾಲಿನಿಂದ ನೆಲವನ್ನು ಒದ್ದು ನೋಡಿದರು. ಕೆಳಗಿಳಿದು ಕಂಬಗಳ ನಡುವೆ ದಾರಿ ಹುಡುಕಿಕೊಂಡು ಹೊರಗೆ ಬಂದರು.

“ಭೇಷ್! ಇಷ್ಟು ತ್ರಾಸ ಯಾಕ ತಗೊಂಡ್ರಿ? ಸುಮ್ನ ನಿಮಗ ವಜ್ಜಿ ಆಗ್ತೈತಂತ ತೊಟ್ಟೀನ ಆಗಲೇ ಡಾಕ್ಟರಿಗೆ ಕೊಟ್ಟುಬಿಟ್ಟೆ.”

ಒಳಗಿನಿಂದ ದೌಲತಬಿ ದೇವರಿಗೆ ಶುಕ್ರಿಯಾ ಹೇಳಿದ್ದು ಎಲ್ಲರಿಗೂ ಕೇಳಿಸಿತು.

“ಆದ್ರೂ ಛಲೋನ ಆತು,” ಎಂದರು ಸಾಹೇಬರು. “ಆಫೀಸಿನ ನೆಲಕ್ಕ ಗೆದ್ದಲ ಹತ್ತೈತಿ. ಸರಕಾರಿ ತಿಜೋರಿ ಎಲ್ಲಿ ಇಡೂದಂತ ತಿಳೀವಲ್ದಾಗಿತ್ತು. ನಾಳೆ ಇಲ್ಲಿಗೆ ಬರ್ತೈತಿ. ಮಾಳಗಿ ಅಂದ್ರ ಕಳ್ಳರ ಅಂಜಿಕಿನೂ ಇಲ್ಲ.”

“ಸಾಹೇಬ್ರ, ನನ್ನ ಹಳಿಯಾಳದ ವರ್ಗಾ…”

“ಅದನ್ನ ನಿನ್ನೆನ ಮಂಜೂರ ಮಾಡಿದ್ದೆ. ಈಗ ರದ್ದ ಮಾಡಬೇಕಾತು ನೋಡ್ರಿ. ತಿಜೋರಿ ಇಲ್ಲಿ ಬಿಟ್ಟು ನೀವು ಅಲ್ಲಿಗೆ ಹೋದ್ರ ಹೆಂಗ?”

ಟಾಂಗಾ ಹೋಯಿತು. ಆಳುಗಳೂ ಒಬ್ಬೊಬ್ಬರಾಗಿ ಜಾರಿದರು. ಮಲಿಕಸಾಬ ಸಾರಿನ ಪಾತ್ರೆಯನ್ನೂ ಹೆಂಡತಿಯ ಮುಖವನ್ನೂ ನೋಡಿ ಮೆಲ್ಲಗೆ ಕೇಳಿದ:

“ಭಾಯಿ, ಹಂಗಾರ ಈ ಕಂಬ ಯಾವಾಗ ತಗಿಯೂಣು?”

ದ್ಯಾಮಪ್ಪ ಹತ್ತಿರದ ಕಂಬವನ್ನು ಅಲುಗಿಸಿ ನೋಡಿದ. ಅದು ಅಲುಗಲಿಲ್ಲ.

“ನನ್ನ ಮಗಳ ಲಗ್ನಕ್ಕ ಹಂದರ ಹಾಕೂಮುಂದ,” ಎಂದ.