ಕಪ್ಪು ಪರದೆಯಿಂದ ಹೊರಟ ಕೋಟು

"ಇನ್ನು ಮೇಲೆ ಈ ಮನೇಲಿ ಯಾರೂ ಮೌಸ್ ಹಿಡಿದು ಪ್ರಿಂಟ್ ತೆಗೀಕೂಡದು!" ಎಂದು ಕಮಾಂಡರ್ ಸಾಹೇಬರು ಊಟದ ಮೇಜಿನಿಂದಲೇ ಘೋಷಿಸಿದರು.

ಸೈನ್ಯದಲ್ಲಿದ್ದವರೇನೋ ಎಂದುಕೊಳ್ಳಬೇಡಿ. ನೀರು ಸರಬರಾಜು ಕಚೇರಿಯ ಗುಮಾಸ್ತರು. ವಿಡಿಯೋ ನೋಡಿ ನೋಡಿ, ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪಿಸಿ ಕಂಪ್ಯೂಟರಿಗೆ ಅಪ್ಪಣೆ ಕೊಡುವ ವಿದ್ಯೆ ಕಲಿತಿದ್ದರು. ಆ ಅಪ್ಪಣೆಗೆ ಕಮಾಂಡ್ ಎನ್ನುತ್ತಾರೆಂದು ಅವರು ವಿವರಿಸಿದ ದಿನವೇ, ಜೊತೆಗಿದ್ದ ಅತ್ತೆ ಅಳಿಯನಿಗೆ ಈ ಬಿರುದು ದಯಪಾಲಿಸಿದ್ದರು.

ಮನೆಯ ಮುಂದಿನ ಕೋಣೆ ಹೆಂಡತಿಯ ಹೊಲಿಗೆ ಅಂಗಡಿ. ಜಿಪ್ ಬದಲಿಸು, ಅಂಚು ಮಡಚು ಎನ್ನುವ ಚಿಲ್ಲರೆ ಕೆಲಸದಲ್ಲೇ ಆಕೆಯ ಬೆನ್ನು ಬಾಗಿತ್ತು. ಅಷ್ಟು ದುಡಿದರೂ ಕಮಾಂಡರ್ ಕಚೇರಿಯಲ್ಲಿ ಹೇಳಿಕೊಳ್ಳುತ್ತಿದ್ದದ್ದು, "ಸುಮ್ನೆ ಹವ್ಯಾಸ ಅವಳಿಗೆ!" ಸಂಬಳ ತರುವ ಗಂಡಸು ಫೈಲು ಸರಿಸಿದರೆ ಉದ್ಯೋಗ, ಹೆಂಗಸು ದಿನವಿಡೀ ಯಂತ್ರ ತುಳಿದರೆ ಹವ್ಯಾಸ! ಈಗ ವೃಂದಗಾನದ ಮೇಷ್ಟ್ರು ತಮಗೊಂದು ಕೋಟು ಹೊಲಿಯಲು ಕೊಟ್ಟಿದ್ದರು. ನಾಳೆ ಸಂಜೆ ಕಾರ್ಯಕ್ರಮ. ಕೋಟು ಒಪ್ಪಿಗೆಯಾದರೆ ಹಾಡುವವರೆಲ್ಲರ ಕೋಟೂ ಈ ಅಂಗಡಿಗೇ.

ಮೇಷ್ಟ್ರ ಅಳತೆಗೆ ಹೊಂದುವ ಕೋಟಿನ ನಕ್ಷೆ ಫೈಲಾಗಿ ಬಂದಿತ್ತು. ಪುಟಪುಟವಾಗಿ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ, ಬಟ್ಟೆಯ ಮೇಲೆ ಹರಡಿ ಕತ್ತರಿಸಬೇಕು.

"ಫೋನಲ್ಲಿ ಒತ್ತಿದ್ರೆ ಬರತ್ತೆ ಬಿಡ್ರೀ."

"ಒತ್ತೋದು ಮಕ್ಕಳಾಟ ಕಣೇ! ನೋಡ್ತಿರು, ಒಂದೇ ಸಾಲು. ಇಲ್ಲಿ ಎಂಟರ್ ಹೊಡೆದ್ರೆ ಅಲ್ಲಿ ಪ್ರಿಂಟರ್ ಗಡಗಡ ನಡುಗಬೇಕು!"

ಹೊಡೆದರು. 'ಅಂಥ ಪ್ರಿಂಟರ್ ಇಲ್ಲ' ಎಂದಿತು ಪರದೆ.

"ಕಣ್ಣೆದುರಿಗೆ ಕೂತಿದ್ಯಲ್ಲೋ ಮುಂಡೇದೇ!"

"ಯಾರನ್ನ ಬೈತಿದೀರಿ ಅಳಿಯಂದಿರೇ? ನಾನು ಗುಂಡಿ ಹೊಲೀತಾ ಕೂತಿದೀನಿ ಅಷ್ಟೇ," ಎಂದರು ಅತ್ತೆ.

ನೆಟ್‌ವರ್ಕಿನಲ್ಲಿ ಆ ಪ್ರಿಂಟರಿಗೆ ಕೈದಿಯ ನಂಬರಿನಂಥ ಹೆಸರೊಂದಿತ್ತು. ಅದನ್ನು ಪತ್ತೆ ಹಚ್ಚಿ ಮತ್ತೆ ಎಂಟರ್. ನಿಶ್ಶಬ್ದ. ಮತ್ತೊಂದು ಎಂಟರ್. ಮತ್ತೂ ಒಂದು. ಕೋಪಕ್ಕೆ ಇನ್ನೊಂದು! ಸರ್ಕಾರಿ ಕಚೇರಿಯ ಹಾಗೆ ಎಲ್ಲ ಅರ್ಜಿಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಪ್ರಿಂಟರ್ ಒಮ್ಮೆಲೇ ಮೈಮೇಲೆ ಬಂದಂತೆ ಉಗುಳತೊಡಗಿತು. ಹಾಳೆಗಳು ಯಂತ್ರದ ಕೆಳಗೆ, ಇಸ್ತ್ರಿಪೆಟ್ಟಿಗೆಯ ಮೇಲೆ, ಅತ್ತೆಯ ತೊಡೆಯ ಮೇಲೆ! ಅಷ್ಟೂ ಹಾಳೆಗಳ ಅಂಚಿನಲ್ಲಿ ಗೆರೆ ಕತ್ತರಿಸಿಹೋಗಿತ್ತು.

ಕಮಾಂಡರ್ ಸೋಲುವ ಜಾತಿಯವರಲ್ಲ. ಚಿತ್ರವನ್ನು ಕಾಗದದೊಳಗೆ ಪೂರ್ತಿ ಕೂರಿಸುವ ಮಾತೊಂದನ್ನು ಕಮಾಂಡಿಗೆ ಸೇರಿಸಿದರು. ಪರದೆಯಲ್ಲಿ ಮೊದಲನೇ ಪುಟ ನೋಡಿದರೆ, ಬರೀ ಒಂದು ಖಾಲಿ ಚೌಕ! "ಇದಕ್ಕೊಂದು ಹಾಳೆ ದಂಡವೇ?" ಎಂದು ಗೊಣಗುತ್ತ, ಎರಡನೇ ಪುಟದಿಂದಲೇ ಶುರುಮಾಡೆಂದು ಅಪ್ಪಣೆಯಿತ್ತರು. ಈ ಸಲ ಅಂಚು ಸಮೇತ ಗೆರೆಗಳೆಲ್ಲ ಮುತ್ತಿನ ಹಾಗೆ ಬಂದವು.

"ರೀ, ಮೊದಲನೇ ಹಾಳೆ ಚೌಕ ಅಳೆದ್ರಾ? ಅದು ಸರಿಯಿದ್ರೇನೇ ಮಿಕ್ಕಿದ್ದೆಲ್ಲ ಸರಿ," ಎಂದು ಹೆಂಡತಿ ಹೊಲಿಗೆ ಯಂತ್ರದ ಸದ್ದಿನ ನಡುವೆ ಕೂಗಿದಳು.

ಆಗಲೂ ಕಾಲ ಮಿಂಚಿರಲಿಲ್ಲ. ಬಟ್ಟೆಗೆ ಕತ್ತರಿ ತಾಗಿರಲಿಲ್ಲ.

"ಅಳೆದೆ, ಅಳೆದೆ! ಕರಾರುವಾಕ್ಕಾಗಿದೆ!"

ಸುಳ್ಳು ಹೇಳಲು ಅವರಿಗೆ ಯಾವ ಕಮಾಂಡೂ ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದು ಕೋಟು ತೊಟ್ಟರು. ಉಸಿರು ಬಿಗಿಹಿಡಿದ ಮೇಲೆ ಗುಂಡಿಗಳು ಹೇಗೋ ರಾಜಿಯಾದವು.

"ಕೈ ಎತ್ತಿ ನೋಡಿ ಮೇಷ್ಟ್ರೇ."

ಎತ್ತಿದರು. ಕೈಗಳು ಹೊಟ್ಟೆಯವರೆಗೆ ಬಂದು ನಿಂತವು. ಬೆನ್ನಿನ ಹೊಲಿಗೆ ನರಳಿತು.

"ಅಮ್ಮಾ, ನಾನು ಹಾಡ್ಸೋಕೆ ಹೋಗ್ತಿರೋದು. ಇದನ್ನ ಹಾಕ್ಕೊಂಡು ನಿಂತ್ರೆ ಪೊಲೀಸ್ನೋರು ಹಿಡ್ಕೊಂಡು ಬಂದಂಗಿರತ್ತೆ!"

ಹೆಂಡತಿ ಮೇಷ್ಟ್ರ ಬೆನ್ನಿಗೆ ಟೇಪು ಹಿಡಿದಳು. ಟೇಪಿನಿಂದ ಕಣ್ಣು ಕೀಳದೆ ಕೇಳಿದಳು: "ರೀ, ಆ ಚೌಕದ ಹಾಳೆ ಕೊಡಿ."

"ಅದು... ಬರ್ಲಿಲ್ಲ."

"ಬರ್ಲಿಲ್ಲ ಅಂದ್ರೆ?"

"ನಾನೇ ಬರಬೇಡ ಅಂದೆ. ಗೆರೆ ಕಟ್ಟಾಗ್ತಿತ್ತು, ಎಲ್ಲಾನೂ ಹಾಳೆಯೊಳಗೆ ಕೂರಿಸ್ದೆ..."

ಹಾಳೆ ಹಾಳೆಗೂ ನಕ್ಷೆ ಚೂರು ಚೂರು ಕುಗ್ಗಿದ್ದು, ಅಂಟಿಸುವಷ್ಟರಲ್ಲಿ ಕೋಟನ್ನೇ ನುಂಗಿತ್ತು.

"ಹಾಗಾದ್ರೆ ನಿನ್ನೆ ಅಳೆದೆ ಅಂದ್ರಲ್ಲ, ಏನನ್ನ ಅಳೆದ್ರಿ?"

"ನಮ್ಮ ತಾಳ್ಮೇನ ಅಳೆದಿದಾರೆ ಬಿಡೇ," ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತ.

ಮೇಷ್ಟ್ರು ಕೋಟು ಬಿಚ್ಚಿ ಬಾಗಿಲ ಕಡೆ ತಿರುಗಿದರು. "ಬೇಜಾರು ಮಾಡ್ಕೋಬೇಡೀಮ್ಮ. ಬೇರೆ ಕಡೆ ರೆಡಿಮೇಡ್ ನೋಡ್ಕೋತೀನಿ."

"ನಿಂತ್ಕೊಳ್ಳಿ ಮೇಷ್ಟ್ರೇ. ಕೈ ಚಾಚಿ."

ನಕ್ಷೆಯನ್ನು ಪಕ್ಕಕ್ಕೆಸೆದು ಆಕೆ ಮೈ ಅಳತೆ ತೆಗೆದಳು. ಬೀರುವಿನಿಂದ ಒಂದು ಬಟ್ಟೆ ಹೊರಬಂತು. ಚಳಿಗಾಲಕ್ಕೆ ತನಗೊಂದು ಕೋಟು ಹೊಲಿದುಕೊಳ್ಳಲು ಎತ್ತಿಟ್ಟಿದ್ದ ಬಟ್ಟೆ, ಹೆಚ್ಚುಕಡಿಮೆ ಅದೇ ಬಣ್ಣ. ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದು ಕತ್ತರಿ ಹಾಕಿದಳು. ಕಮಾಂಡರ್ ಬಾಯಿ ತೆರೆದರು. ಅತ್ತೆ ನೋಡಿದ ನೋಟಕ್ಕೆ ಮುಚ್ಚಿದರು. ರಜೆ ಹಾಕಿ ದಿನವಿಡೀ ಇಸ್ತ್ರಿ ಕಾಯಿಸಿಕೊಟ್ಟರು. ಅನ್ನಕ್ಕೂ ಅವರೇ ಇಟ್ಟರು.

ಸಂಜೆ ವೇದಿಕೆಯ ಮೇಲೆ ಮೇಷ್ಟ್ರು ಎರಡೂ ಕೈಗಳನ್ನು ಆಕಾಶಕ್ಕೆತ್ತಿದರು. ಕೋಟು ಮಿಸುಕಲಿಲ್ಲ! ಚಪ್ಪಾಳೆ ನಿಲ್ಲುವ ಮೊದಲೇ ಹೆಂಡತಿಗೆ ಇಡೀ ವೃಂದದ ಆರ್ಡರ್ ಸಿಕ್ಕಿತು.

ಮನೆಗೆ ಬಂದದ್ದೇ ತಡ, ಕಮಾಂಡರರ ಎದೆ ಮತ್ತೆ ಉಬ್ಬಿತು. "ಇಷ್ಟೊಂದು ಕೋಟು! ನಿನ್ನ ಕೈಲಾಗತ್ತಾ? ನಕ್ಷೆಗಳನ್ನೆಲ್ಲ ನಾನೇ ಒಂದೇ ಸಾಲಲ್ಲಿ..."

"ಮೊದ್ಲು ಇದನ್ನ ಹಾಕ್ಕೊಳ್ಳಿ," ಎಂದು ಹೆಂಡತಿ ಆ ಕೆಟ್ಟುಹೋದ ಕೋಟನ್ನು ಹಿಡಿದಳು.

"ನನಗಾ?" ಸಾಹೇಬರ ಕಣ್ಣು ತುಂಬಿ ಬಂತು. ಇಷ್ಟೆಲ್ಲ ಆದ ಮೇಲೂ ಕೋಟು ಕೊಡುವ ಹೆಂಡತಿ ಯಾರಿಗುಂಟು! ತೂರಿಕೊಂಡರು. ಗುಂಡಿಗಳನ್ನು ಆಕೆಯೇ ಒಂದೊಂದಾಗಿ ಹಾಕಿದಳು.

"ಈಗ ಕೀಬೋರ್ಡ್ ಮುಟ್ಟಿ ನೋಡೋಣ."

ಚಾಚಿದರು. ಬೆರಳು ಮೇಜಿನ ಅಂಚಿನವರೆಗೂ ಹೋಗಲಿಲ್ಲ.

"ಸರಿಯಾಗಿದೆ," ಎಂದಳು ಹೆಂಡತಿ. "ಆರ್ಡರ್ ಮುಗಿಯೋವರೆಗೂ ಬಿಚ್ಚಬೇಡಿ."